ಚಿಗವ್ವನ ‘ಓನ್ಲಿ’

ಸುಸಲಾಕ್ಕೆಂದು ಚುರುಮುರಿ ನೆನೆಸಿ ಹಿಂಡುವಾಗ ಏಳುವ ಹಸಿ ವಾಸನೆಗೆ, ಗುಡಗೇರಿಯ ಅಜ್ಜನ ಮನೆಯ ಆ ಮಧ್ಯಾಹ್ನ ಈಗಲೂ ಕಣ್ಣ ಮುಂದೆ ಬರುತ್ತದೆ.

ಅವ್ವನ ತಂಗಿಯನ್ನು, ಅಂದರೆ ನಮ್ಮ ಚಿಗವ್ವನನ್ನು, ನೋಡಲು ಗಂಡಿನ ಕಡೆಯವರು ಬಂದಿದ್ದರು. ವರನ ಅಣ್ಣ ಸುಸಲಾದ ತಟ್ಟೆ ಹಿಡಿದು, ಅವಳಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ತಿಳಿಯಲೆಂದೇ, “ಹೂ ಮೇಡ್ ದಿಸ್?” ಎಂದ.

‘ನಾನೇ ಮಾಡಿದೆ’ ಎನ್ನಬೇಕಿತ್ತು ಅವಳಿಗೆ. “ಐ ಓನ್ಲಿ ಮೇಡ್ ರೀ,” ಎಂದಳು.

ಅವನು ನಕ್ಕುಬಿಟ್ಟ. “ಹಂಗಂದ್ರ ನೀವು ಬರೇ ಮಾಡೀರಿ, ತಿಂದಿಲ್ಲ ಅಂತ ಆಗತೈತಿ ನೋಡ್ರಿ. ‘ಐ’ ಆದಮ್ಯಾಲೆ ‘ಓನ್ಲಿ’ ಹಚ್ಚಬಾರದು, ಮೊದಲ ಹಚ್ಚಬೇಕು.”

ಬಾಗಿಲ ಮರೆಯಲ್ಲಿ ಅವ್ವ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಈ ಸಂಬಂಧವೂ ತಪ್ಪಿತು ಎಂದುಕೊಂಡಿರಬೇಕು.

ಚಿಗವ್ವ ಸೆರಗು ಸರಿಮಾಡಿಕೊಂಡು, “ಖರೇನ ಐತಲ್ರಿ. ಮುಂಜಾನಿಂದ ಬರೇ ಮಾಡೇನ್ರಿ, ಇನ್ನೂ ತಿಂದಿಲ್ರಿ,” ಎಂದಳು.

ಅಲ್ಲಿಯತನಕ ತಲೆ ತಗ್ಗಿಸಿ ಕುಳಿತಿದ್ದ ವರ ತನ್ನ ತಟ್ಟೆ ಕೆಳಗಿಟ್ಟ. “ಅವರಿಗೂ ಒಂದ್ ಪ್ಲೇಟ್ ತರ್ರಿ,” ಎಂದ.

ನೋಡಲು ಬಂದವರ ಎದುರು ಹುಡುಗಿಗೆ ತಟ್ಟೆ ಇಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಅವ್ವ ನಿಂತಲ್ಲೇ ನಿಂತಳು. ಅಜ್ಜನೇ ಎದ್ದು ಅಡುಗೆಮನೆಗೆ ಹೋದ.