ವಾಕ್ಯಕ್ಕೆ ಮೊದಲೊಂದು ಮಾತು

ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಗಾಜಿನ ಚೂರು ಹಿಡಿದು ಪಕ್ಕದ ಅಂಗಡಿಯ ಟೈಲರ್ ನಾಲ್ಕನೇ ತರಗತಿಯ ಬಾಗಿಲಲ್ಲಿ ನಿಂತಾಗ ಮಕ್ಕಳೆಲ್ಲ ಪುಸ್ತಕದಲ್ಲಿ ತಲೆ ಹುದುಗಿಸಿದರು.

"ಹೆಡ್‌ಮೇಡಂಗೆ ಹೇಳಿದ್ರೆ ನಾಳೆಯಿಂದ ಇವರ ಆಟ ಬಂದ್. ಹೇಳ್ಲಾ?"

"ಮಧ್ಯಾಹ್ನದವರೆಗೆ ತಡೀರಿ," ಎಂದಳು ಟೀಚರ್. "ಇವರೇ ನಿಮಗೊಂದು ಪತ್ರ ಬರೀತಾರೆ."

ಅವನು ಚೆಂಡನ್ನು ಮೇಜಿನ ಮೇಲೆ ಕುಕ್ಕಿ ಗೊಣಗುತ್ತಾ ಹೋದ. ಟೀಚರ್ ಬೋರ್ಡಿನ ಮೇಲೆ ಬರೆದಳು: 'ನಾವು ನಿಮ್ಮ ಕಿಟಕಿ ಒಡೆದೆವು.' ಯಾವಾಗ, ಎಲ್ಲಿ, ಹೇಗೆ ಎಂಬುದನ್ನು ಹೇಳಿ ವಾಕ್ಯ ಶುರುಮಾಡಿ ಎಂದು ವಾರದಿಂದ ಗಂಟಲು ಹರಿದುಕೊಂಡರೂ ಮಕ್ಕಳು 'ಒಂದು ದಿನ' ಬಿಟ್ಟು ಮುಂದೆ ಹೋಗಿರಲಿಲ್ಲ.

"ಇದರ ಶುರುವಿನಲ್ಲಿ ಏನು ಸೇರಿಸೋಣ?"

ಇವತ್ತು ಮಾತ್ರ ನಾ ಮುಂದು ತಾ ಮುಂದು ಅಂತ ಬಿದ್ದರು. "ನಿನ್ನೆ ಸಂಜೆ ಆಡುವಾಗ!" "ಅಕಸ್ಮಾತ್ತಾಗಿ!" "ನಮಗೆ ಗೊತ್ತೇ ಆಗದ ಹಾಗೆ!" "ಜೋರು ಗಾಳಿ ಬೀಸಿದ್ದರಿಂದ!"

ಒಂದರಲ್ಲೂ ತಪ್ಪಿಲ್ಲ. ಟೀಚರ್ ಹಿಗ್ಗಿಹೋದಳು. ಆದರೆ ಬೋರ್ಡು ತುಂಬಿದಂತೆಲ್ಲ, ಆ ಕಿಟಕಿ ತನ್ನಷ್ಟಕ್ಕೆ ತಾನೇ ಒಡೆದುಕೊಂಡಿತೇನೋ ಅನ್ನಿಸತೊಡಗಿತು.

ಎಲ್ಲರೂ ಗುಬ್ಬಿ ಎಂದು ಕರೆಯುವ ಪುಟ್ಟ ಹುಡುಗಿ ಕೈ ಎತ್ತಿದಳು. "'ಮೂರು ಸಲ ಬೇಡ ಅಂದ ಮೇಲೂ' ಅಂತ ಬರೀಬಹುದಾ ಮಿಸ್?"

"ಸುಮ್ನಿರೇ!" ಎಂದು ಪಕ್ಕದವಳು ತಿವಿದಳು.

"ಅಲ್ಲಿ ಆಡ್ಬೇಡಿ ಅಂತ ಟೈಲರ್ ಅಂಕಲ್ ಹೇಳಿದ್ರು ಮಿಸ್. ಚೆಂಡು ಹೊಡ್ದಿದ್ದು ನಾನೇ."

ಟೀಚರ್ ಸೀಮೆಸುಣ್ಣವನ್ನು ಅವಳ ಕೈಗಿಟ್ಟಳು. ಗುಬ್ಬಿ ತುದಿಗಾಲಲ್ಲಿ ನಿಂತು ಬರೆದಳು. ಅವಳು ಮುಗಿಸುವಷ್ಟರಲ್ಲಿ, ತಪ್ಪನ್ನು ಗಾಳಿಯ ತಲೆಗೆ ಕಟ್ಟಿದ್ದವನು ತಾನಾಗಿ ಎದ್ದುಬಂದು ತನ್ನ ಸಾಲು ಒರೆಸಿದ.

ಮಧ್ಯಾಹ್ನ ಟೀಚರ್ ಮತ್ತು ಗುಬ್ಬಿ ಪತ್ರ ಹಿಡಿದು ಅಂಗಡಿಗೆ ಹೋದರು. ಒಡೆದ ಕಿಟಕಿಗೆ ರಟ್ಟು ಅಡ್ಡ ಕಟ್ಟಿತ್ತು. ಟೈಲರ್ ಮೆಷಿನ್ ನಿಲ್ಲಿಸಿ, ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತಾ ನಿಧಾನವಾಗಿ ಓದಿದ. ಗುಬ್ಬಿ ಟೀಚರ್ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಒಂದು ತಪ್ಪಿದೆ ಮೇಡಂ."

"ಎಲ್ಲಿ?" ಎಂದು ಟೀಚರ್ ಗಾಬರಿಯಿಂದ ಬಗ್ಗಿ ನೋಡಿದಳು.

"ಮೂರಲ್ಲ, ನಾನು ಬೇಡ ಅಂದಿದ್ದು ಎರಡೇ ಸಲ." ಅವನು ಗುಬ್ಬಿಯ ಕಡೆ ನೋಡಿ ತಲೆ ಕೆರೆದುಕೊಂಡ. "ಮೂರನೇ ಸಲ ಬೈಯೋಕೆ ಅಂತ ಬಂದವನು, ಆಟ ನೋಡ್ತಾ ನಿಂತುಬಿಟ್ಟೆ."