ಕಾಶಿಗೆ ಕೊಡುವ ಬೆಕ್ಕು

“ಒಂದು ಬೆಕ್ಕು ಮಾಡಿಕೊಡ್ರಿ. ಬಂಗಾರದ್ದಂಗ ಕಾಣಬೇಕು,” ಎಂದ ಮಾಂತೇಶ.

ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಗೋವಿಂದರಾಜ ಕುಂಚ ಕೆಳಗಿಟ್ಟು ತಲೆ ಎತ್ತಿದ. ಗಣಪತಿ ಕೇಳುವವರು, ಗರುಡನನ್ನು ಕೇಳುವವರು ದಿನಾ ಬರುತ್ತಿದ್ದರು. ಬಂಗಾರದ ಬಣ್ಣದ ಬೆಕ್ಕನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

“ಶೋಕೇಸಿಗೇನ್ರಿ?”

“ಅಲ್ಲ, ಕಾಶಿಗೆ. ನಮ್ಮ ಮನ್ಯಾಗ ಬೆಕ್ಕು ಸಾಯೋದೈತಿ.”

“ಪಾಪ. ಆರಾಮಿಲ್ಲೇನ್ರಿ ಅದಕ್ಕ?”

“ಆರಾಮ ಐತಿ. ಗೊಂಬಿ ಬಂದ ಮ್ಯಾಲೆ ಸಾಯತೈತಿ.”

ಗೋವಿಂದರಾಜ ದರ ಹೇಳಿದ. ಗಿರಾಕಿಯ ಪಾಪ ಗಿರಾಕಿಯದು. ಮಾಂತೇಶ ಮಾತ್ರ ಪ್ರಾಯಶ್ಚಿತ್ತದ ದರದಲ್ಲೂ ಒಂದಿಷ್ಟು ಚೌಕಾಸಿ ಮಾಡಿ, ಮುಂಗಡ ಕೊಟ್ಟು ಕುಕನೂರಿನ ಬಸ್ಸು ಹತ್ತಿದ.

ಅವನ ಮನೆಯ ಸುಬ್ಬಿ ಹಣ್ಣು ಹಣ್ಣು ಮುದಿ ಬೆಕ್ಕು. ಕಿವಿ ಮಂದ, ಕಣ್ಣು ಮಬ್ಬು. ಹಗಲೆಲ್ಲ ನಿದ್ದೆ ಮಾಡಿ, ರಾತ್ರಿ ಎದ್ದು ಪಡಸಾಲೆಯ ನಡುವೆ ನಿಂತು ಸಾವಿನ ಮನೆಯವರಂತೆ ಕೂಗುತ್ತಿತ್ತು. ದನದ ಡಾಕ್ಟರು ನೋಡಿ, “ವಯಸ್ಸಾಗೇತಿ, ಕತ್ತಲಾಗ ದಿಕ್ಕು ತಪ್ಪತೈತಿ. ಒಂದು ಸಣ್ಣ ಲೈಟ್ ಹಚ್ಚಿಡ್ರಿ, ಮಲಗೋ ಮುಂದ ಒಂದಿಷ್ಟು ಉಣಸ್ರಿ, ಕೂಗಿದ್ರ ಬೆನ್ನು ಸವರ್ರಿ,” ಎಂದಿದ್ದರು. ಹೆಂಡತಿ ಶಿವಲಿಂಗಮ್ಮ ಅಷ್ಟನ್ನೂ ತಪ್ಪದೆ ಮಾಡುತ್ತಿದ್ದಳು. ಕೂಗು ಅರ್ಧಕ್ಕೆ ಇಳಿದಿತ್ತು. ಉಳಿದ ಅರ್ಧ ಮಾಂತೇಶನಿಗೆ ಸೈರಣೆಯಾಗದು. ಕರೆಂಟ್ ಸುಡುತ್ತದೆಂದು ಲೈಟು ಆರಿಸಿ ಬಂದು, ಬೆಕ್ಕು ಕೂಗುತ್ತದೆಂದು ಬೈಯುವವರ ಪೈಕಿ ಅವನು.

ಒಮ್ಮೆ ಅದನ್ನು ಚೀಲದಲ್ಲಿ ಹಾಕಿ ಇಟಗಿಯ ಗುಡಿಯ ಹತ್ತಿರ ಬಿಟ್ಟು ಬಂದಿದ್ದ. ಆ ದಿನ ಶಿವಲಿಂಗಮ್ಮ ಒಲೆ ಹಚ್ಚಲಿಲ್ಲ. ಹಸಿವು ತಾಳದೆ ಮರುದಿನ ತಾನೇ ಹೋಗಿ, ಗುಡಿ ನೋಡಲು ಬಂದವರ ಕೈಯಿಂದ ಬಿಸ್ಕೀಟು ತಿನ್ನುತ್ತಿದ್ದ ಸುಬ್ಬಿಯನ್ನು ಹೊತ್ತು ತಂದ. ಆಮೇಲೆ ಇಲಿ ಪಾಷಾಣದ ಮಾತು ಶುರುವಾಯಿತು. ಅದಕ್ಕೆ ಶಿವಲಿಂಗಮ್ಮನ ಬಳಿ ಇದ್ದದ್ದು ಒಂದೇ ಉತ್ತರ: ಬೆಕ್ಕು ಕೊಂದವರು ಕಾಶಿಗೆ ಬಂಗಾರದ ಬೆಕ್ಕು ಕೊಡಬೇಕು. ಮಾಂತೇಶ ದೇವರಿಗೆ ಅಷ್ಟೇನೂ ಅಂಜದಿದ್ದರೂ ಬಂಗಾರದ ದರಕ್ಕೆ ಅಂಜುತ್ತಿದ್ದ. ಬಂಗಾರ ಏರಿತೆಂದು ಓಣಿಯ ಹೆಂಗಸರೆಲ್ಲ ನಿಟ್ಟುಸಿರು ಬಿಟ್ಟರೆ ಶಿವಲಿಂಗಮ್ಮನೊಬ್ಬಳೇ ಬೆಕ್ಕಿನ ತಲೆ ಸವರಿ ನಗುತ್ತಿದ್ದಳು.

ಆದರೆ ಗಂಡ ಸರಕಾರಿ ಗುಮಾಸ್ತ. ನಿಯಮ ಚಾಪೆಯ ಕೆಳಗೆ ತೂರಿದರೆ ತಾನು ರಂಗೋಲಿಯ ಕೆಳಗೆ ತೂರುವುದನ್ನು ಸಂಬಳ ತೆಗೆದುಕೊಂಡು ಕಲಿತವನು. ಕಿನ್ನಾಳದಿಂದ ಬಂದವನೇ ಚಹಾ ಕುಡಿಯುತ್ತ ಗೊಂಬೆಯ ವಿಷಯ ಹೇಳಿದ. ಬೆಕ್ಕೂ ಸಾಯಬೇಕು, ಬಂಗಾರವೂ ಹೋಗಬಾರದು.

“ಅದು ಕಟಿಗಿ ಅಲ್ಲೇನ್ರಿ?” ಎಂದಳು ಶಿವಲಿಂಗಮ್ಮ.

“ಮ್ಯಾಲೆ ಬಂಗಾರದ ಹೊಳಪು ಇರತೈತಿ. ಇಷ್ಟು ತೂಕ ಇರಬೇಕಂತ ಶಾಸ್ತ್ರದಾಗ ಎಲ್ಲೂ ಬರದಿಲ್ಲ. ದೇವರು ಭಾವ ನೋಡತಾನ.”

“ಕೊಲ್ಲೋ ಭಾವಾನೂ ನೋಡತಾನಲ್ರಿ?”

“ಅದಕ್ಕ ಗೊಂಬಿ ಕೊಡೋದು.”

ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಈ ಮನೆಯಲ್ಲಿ ಅವಳು ಮಾತಾಡಿದರೆ ಮುಖ ಎತ್ತಿ ನೋಡುವ ಜೀವ ಅದೊಂದೇ. ಇವನೆದುರು ಅದನ್ನು ಹೇಳಿ ಬಾಯಿ ನೋಯಿಸಿಕೊಳ್ಳುವುದೇಕೆಂದು ಅವನ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಲೋಟ ತೊಳೆದಿಟ್ಟು ಬಂದು ಕೇಳಿದಳು.

“ಅಂದ್ರ ಎಂಥಾ ಪಾಪ ಇದ್ರೂ ಬಂಗಾರದ ಬಣ್ಣದ ಗೊಂಬಿ ಕೊಟ್ರ ತೀರತೈತಿ?”

“ತೀರತೈತಿ.”

“ಓದಿದವರು ನೀವು. ನೀವು ಹೇಳಿದ ಮ್ಯಾಲೆ ಮುಗೀತು. ಆ ಗೊಂಬಿಯವರ ನಂಬರ್ ಕೊಡ್ರಿ.”

“ಯಾಕ?”

“ಸುಬ್ಬಿದು ಒಂದು ಕಿವಿ ಹರದೈತಿ. ಮಾಡೋರಿಗೆ ಅದೆಲ್ಲ ಗೊತ್ತಿರಬೇಕಲ್ರಿ.”

ಇಷ್ಟು ಬೇಗ ದಾರಿಗೆ ಬಂದಳಲ್ಲ ಎಂದು ಮಾಂತೇಶನಿಗೆ ಖುಷಿಯಾಯಿತು. ಹೆಂಗಸರಿಗೆ ಸಮಾಧಾನದಿಂದ ತಿಳಿಸಿ ಹೇಳಿದರೆ ಕೇಳುತ್ತಾರೆ ಎಂದು ಮರುದಿನ ಕಚೇರಿಯಲ್ಲಿ ಎಲ್ಲರಿಗೂ ಉಪದೇಶ ಮಾಡಿದ. ಬರುವಾಗ ಪಾಷಾಣದ ಪೊಟ್ಟಣವನ್ನೂ ತಂದು, ದೇವರ ಫೋಟೋದ ಪಕ್ಕದ ಗೂಡಿನಲ್ಲಿ ಇಟ್ಟ.

ಭಾನುವಾರ ಗೋವಿಂದರಾಜನೇ ಗೊಂಬೆ ತಂದ. ಸುತ್ತಿದ ಪೇಪರು ಬಿಚ್ಚಿದರೆ ಬೆಕ್ಕು ಥಳಥಳ ಹೊಳೆಯಿತು. ಸುಬ್ಬಿ ಬಂದು ಮೂಸಿ, ತಿನ್ನುವಂಥದ್ದಲ್ಲವೆಂದು ತಿಳಿದು ಬಿಸಿಲಿಗೆ ಹೋಗಿ ಮಲಗಿತು. ಮಾಂತೇಶ ಉಳಿದ ಹಣ ಕೊಟ್ಟ. ಗೋವಿಂದರಾಜ ಏಳಲಿಲ್ಲ. ಚೀಲದಿಂದ ಅಳತೆಯ ದಾರ ತೆಗೆದು, ಇವನನ್ನೇ ಮೇಲಿಂದ ಕೆಳಗೆ ನೋಡತೊಡಗಿದ.

“ಇನ್ನೇನ್ರಿ?”

“ಅಕ್ಕಾರು ಇನ್ನೊಂದು ಗೊಂಬಿ ಹೇಳ್ಯಾರ್ರಿ. ಬಂಗಾರದ ಬಣ್ಣದ್ದ, ಗಂಡಸಿಂದು. ಬೆಕ್ಕಿನ ಕೂಗಿಗಿಂತ ಜೋರು ಗೊರಕಿ ಹೊಡಿಯೋದು ಮನ್ಯಾಗ ಒಂದೈತಿ ಅಂದ್ರು.”

ಒಳಗೆ ಶಿವಲಿಂಗಮ್ಮ ಪಲ್ಯಕ್ಕೆ ಒಗ್ಗರಣೆ ಹಾಕಿದ ಸದ್ದಾಯಿತು. ಮಾಂತೇಶ ಗೂಡಿನ ಕಡೆ ನೋಡಿದ. ಪೊಟ್ಟಣ ಅಲ್ಲಿರಲಿಲ್ಲ.

“ಅದೂ ಕಾಶಿಗೇ ಅಂತ್ರಿ,” ಎಂದು ಗೋವಿಂದರಾಜ ದಾರ ಹಿಡಿದು ಹತ್ತಿರ ಬಂದ. “ಸ್ವಲ್ಪ ಬೆಳಕಿಗೆ ತಿರುಗ್ರಿ ಸರ, ಮೀಸಿ ಅಳತಿ ತಗೋತೀನಿ.”