ಇಕ್ಕಳ ದಪ್ಪವೋ, ಬಾಲ ದಪ್ಪವೋ

ಸೀಸೆಯೊಳಗಿದ್ದ ಚೇಳು ಬೆರಳುದ್ದವೂ ಇರಲಿಲ್ಲ. ಅದರ ಜಾತಿಯ ಬಗ್ಗೆ ಅಕ್ಕನ ಗಂಡನೂ ಅವಳ ತಮ್ಮನೂ ಆಡುತ್ತಿದ್ದ ಜಗಳಕ್ಕೆ ಮಾತ್ರ ಏಳು ಬೀದಿಯ ನಾಯಿಗಳು ಊರು ಬಿಟ್ಟಿದ್ದವು. ಕುಟುಕಿಸಿಕೊಂಡ ಅಕ್ಕ ಕುರ್ಚಿಯಲ್ಲಿ ಹಲ್ಲು ಕಚ್ಚಿ ಕುಳಿತಿದ್ದಳು. ಅವಳ ನೆತ್ತಿಯ ಮೇಲೆ ನೀರಿಟ್ಟಿದ್ದರೆ ಕೊತಕೊತ ಕುದಿಯುತ್ತಿತ್ತು, ಅರ್ಧ ಉರಿಗೆ, ಅರ್ಧ ಸಿಟ್ಟಿಗೆ.

“ಇಕ್ಕಳ ನೋಡಿ ಭಾವ, ಕಡ್ಡಿ ಥರ ಇದೆ! ಬಾಲ ನೋಡಿದ್ರೆ ಭೀಮನ ಗದೆ. ಇದು ಭಾರೀ ವಿಷದ ಜಾತಿ!” ಎಂದು ಕೂಗಿದ, ಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತ ಅಲ್ಲಿನ ಚೇಳುಗಳನ್ನೆಲ್ಲ ಹೆಸರು ಹಿಡಿದು ಕರೆಯಬಲ್ಲ ತಮ್ಮ.

“ಹೋಗೋ ಪಂಡಿತ! ವಿಷದ ಚೇಳು ಅಂದ್ರೆ ಕರ್ರಗೆ, ಅಂಗೈಯಗಲ ಇರತ್ತೆ. ಈ ಕೆಂಪು ಪೀಚಲಿಗೆಲ್ಲ ಆಸ್ಪತ್ರೆ ಬೇರೆ ಕೇಡು!” ಎಂದ ಗಂಡ.

“ಮೊದಲು ನನ್ನ ಮಾತು ಒಪ್ಕೊಳ್ಳಿ, ಆಮೇಲೆ ಆಸ್ಪತ್ರೆಗೆ ಹೊರಡೋಣ!” ಎಂದು ತಮ್ಮ ಪಟ್ಟು ಹಿಡಿದ.

ಅಕ್ಕ ಎದ್ದು ಮೇಜನ್ನು ಒದ್ದ ರಭಸಕ್ಕೆ ಅದರ ಮೇಲಿದ್ದ ಸೀಸೆ ಸೂರು ಮುಟ್ಟಿ ಬಂತು. “ಅದರ ಮೈಯೆಲ್ಲಾ ನೋಡಿದ್ದಾಯ್ತಲ್ಲ? ನನ್ನನ್ನ ನೋಡೋದು ಸತ್ತ ಮೇಲೋ?”

ಮಹಾಪರೀಕ್ಷಕರಿಬ್ಬರೂ ದಡಬಡನೆ ಅವಳ ಮುಂದೆ ಮಂಡಿಯೂರಿದರು. “ಎಲ್ಲಿ, ಕಾಲು ತೋರ್ಸು!”

ಅಕ್ಕ ಚೇಳು ಕುಟುಕಿದ್ದ ಎಡಗೈಯನ್ನು ಇಬ್ಬರ ಮೂಗಿನ ಮುಂದೆ ಹಿಡಿದಳು.